ಮಸಲ್ ಕಾರು ಕುದಿಯುತ್ತಿದೆಯಾ? ಮೊದಲು ರೇಡಿಯೇಟರ್ ಬಿಚ್ಚಬೇಡಿ

ನನ್ನ ಹತ್ತಿರ ಒಂದು ಮಸಲ್ ಕಾರು, ಅಂದರೆ ದೊಡ್ಡ ಎಂಜಿನ್ನಿನ ಹಳೆಯ ಅಮೆರಿಕನ್ ಕಾರು ಇದೆ: ಶೆವರ್ಲೆಯ 1969ರ ಶೆವೆಲ್ ಮಾಲಿಬು. 350 ಕ್ಯುಬಿಕ್ ಇಂಚಿನ ವಿ8, ಅಂದರೆ ಸುಮಾರು 5.7 ಲೀಟರ್. ಎರಡು ಬೇಸಿಗೆ ಅದೂ ಕುದಿಯಿತು, ನನ್ನನ್ನೂ ಕುದಿಸಿತು. ರೇಡಿಯೇಟರ್ ಬದಲಾಯಿಸಿದೆ. ವಾಟರ್ ಪಂಪ್ ಬದಲಾಯಿಸಿದೆ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಅಂತೂ ಮೂರು ಸಲ. ಕೊನೆಗೆ ಸಿಕ್ಕ ತಪ್ಪಿಗೂ ನೀರಿಗೂ ಸಂಬಂಧವೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯ್ತು ನನ್ನ ಕೆಲಸ.

ಎಂಜಿನ್ ಕೆಲಸದಲ್ಲಿ ತಲೆ ನರೆತ ಒಬ್ಬ ಹಿರಿಯ ಗೆಳೆಯರಿದ್ದಾರೆ. ಅವರ ಹತ್ತಿರ ಹೋಗಿ ಗೋಳು ತೋಡಿಕೊಂಡೆ. ಅವರು ಬಾನೆಟ್ ಎತ್ತಿಯೂ ನೋಡಲಿಲ್ಲ.

"ಯಾವಾಗ ಬಿಸಿ ಆಗುತ್ತೆ?"

"ಯಾವಾಗ್ಲೂ, ಅಣ್ಣ."

"ಯಾವಾಗ್ಲೂ ಅನ್ನೋದು ಉತ್ತರ ಅಲ್ಲ ಕಣೋ. ಬರ್ಕೊಂಡು ಬಾ."

ಆಗ ಶುರುವಾದದ್ದು ಒಂದು ನೋಟ್‌ಬುಕ್. ಪಕ್ಕದ ಸೀಟಿನಲ್ಲಿ ಮಗಳು ಕೂತು ಎರಡೆರಡು ನಿಮಿಷಕ್ಕೆ ಗೇಜ್ ನೋಡಿ ಬರೆದಳು. ಸಮಯ, ವೇಗ, ಹೊರಗಿನ ಬಿಸಿ, ಎಂಜಿನ್ನಿನ ಬಿಸಿ. ಇಷ್ಟೇ. ನೀವೂ ಸ್ಪಾನರ್ ಹಿಡಿಯುವ ಮುಂಚೆ ಇದನ್ನು ಮಾಡಿ. ಹೊಸ ಪಾರ್ಟ್ ಒಂದೂ ತರಬೇಡಿ.

ನಿಜವಾಗಿ ಬಿಸಿಯಾಗುತ್ತಿದೆಯಾ?

ಇದು ತಮಾಷೆಯ ಪ್ರಶ್ನೆಯಲ್ಲ. ಗೇಜಿನ ಮುಳ್ಳು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಎಷ್ಟೋ ಜನರಿಗೆ ಎದೆ ಧಸಕ್ ಅನ್ನುತ್ತದೆ. ನೀರು 100ಕ್ಕೆ ಕುದಿಯುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ, ಅಲ್ವಾ? ಆದರೆ ರೇಡಿಯೇಟರ್‌ನಲ್ಲಿರುವುದು ಬರೀ ನೀರಲ್ಲ, ಅದು ತೆರೆದ ಪಾತ್ರೆಯೂ ಅಲ್ಲ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಬೆರೆಸಿದರೆ ಅದು ಕುದಿಯುವುದು ಸುಮಾರು 107 ಡಿಗ್ರಿಗೆ. ಮೇಲೆ 15 ಪಿಎಸ್‌ಐ (ಒತ್ತಡ ಅಳೆಯುವ ಒಂದು ಮಾಪ) ಒತ್ತಡ ಹಿಡಿಯುವ ಒಳ್ಳೆಯ ಮುಚ್ಚಳ ಇದ್ದರೆ ಅದು 129ರ ಹತ್ತಿರಕ್ಕೆ ಹೋಗುತ್ತದೆ. ಹಾಗಾಗಿ ಬೇಸಿಗೆಯ ಟ್ರಾಫಿಕ್‌ನಲ್ಲಿ 98, 100 ತೋರಿಸಿ ಅಲ್ಲೇ ನಿಂತರೆ ಅದು ರೋಗವಲ್ಲ. ನಿಲ್ಲದೆ ಏರುತ್ತಾ ಹೋದರೆ ರೋಗ. 105 ದಾಟಿಯೂ ಏರುತ್ತಲೇ ಇದ್ದರೆ ಗಾಡಿಯನ್ನು ಬದಿಗೆ ಹಾಕಬೇಕು.

ಎಂಜಿನ್ ಆಫ್ ಮಾಡಿದ ಮೇಲೆ ಮುಳ್ಳು ಸ್ವಲ್ಪ ಮೇಲೇರುವುದು ಕೂಡ ಸಹಜ. ಪಂಪ್ ನಿಂತಿರುತ್ತದೆ, ಕಬ್ಬಿಣದಲ್ಲಿ ಉಳಿದ ಬಿಸಿ ಅಲ್ಲೇ ನಿಂತ ನೀರಿಗೆ ಇಳಿಯುತ್ತದೆ. ಅದಕ್ಕೆ ಗಾಬರಿ ಬೇಡ.

ಇನ್ನು ಗೇಜೇ ಸುಳ್ಳು ಹೇಳಬಹುದು. ನನ್ನ ಕಾರಿನಲ್ಲಿ ಮೊದಲಿದ್ದದ್ದು ಬರೀ ಎಚ್ಚರಿಕೆ ದೀಪ. ಗೇಜ್ ಆಮೇಲೆ ನಾನು ಹಾಕಿದ್ದು. ಒಂದು ಕಂಪನಿಯ ಗೇಜಿಗೆ ಇನ್ನೊಂದು ಕಂಪನಿಯ ಸೆಂಡರ್ (ಎಂಜಿನ್ನಿನ ಬಿಸಿ ಅಳೆದು ಗೇಜಿಗೆ ತಿಳಿಸುವ ತುಂಡು) ಹಾಕಿದರೆ ಓದಿಕೆ ಹತ್ತು, ಹದಿನೈದು ಡಿಗ್ರಿ ಆಚೀಚೆ ಆಗುತ್ತದೆ. ಸೆಂಡರಿನ ತಿರುಪಿಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೂ ತೊಂದರೆ. ಅದಕ್ಕೆ ಅರ್ತ್ ಸಿಗುವುದು ಆ ತಿರುಪಿನ ಮೂಲಕವೇ.

ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿರುವಾಗ ಸೆಂಡರ್ ಬಿಚ್ಚಿ, ಅದರ ವೈರ್ ಹಾಗೇ ಬಿಟ್ಟು, ಸೆಂಡರಿನ ಮೈಯಿಂದ ಎಂಜಿನ್ನಿಗೆ ಇನ್ನೊಂದು ವೈರ್ ಕಟ್ಟಿ. ಇಗ್ನಿಷನ್ ಆನ್ ಮಾಡಿ, ಸೆಂಡರಿನ ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ. ಗೇಜ್ 100ರ ಹತ್ತಿರ ತೋರಿಸಬೇಕು. ಫ್ಯಾರನ್‌ಹೀಟ್ ಗೇಜಾದರೆ 212. ಸಮುದ್ರ ಮಟ್ಟದಿಂದ ತುಂಬಾ ಎತ್ತರದಲ್ಲಿದ್ದರೆ ನೀರು ಇನ್ನೂ ಕಡಿಮೆ ಬಿಸಿಗೇ ಕುದಿಯುತ್ತದೆ, ಅದನ್ನು ಲೆಕ್ಕಕ್ಕೆ ತಗೊಳ್ಳಿ.

ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಗನ್ನಿನಂತೆ ಹಿಡಿದು ಗುಂಡಿ ಒತ್ತಿದರೆ ಸಾಕು. ಒಂದೇ ಎಚ್ಚರಿಕೆ: ಫಳಫಳ ಹೊಳೆಯುವ ಅಲ್ಯುಮಿನಿಯಂ ಅಥವಾ ಕ್ರೋಮ್ ಮೇಲೆ ಅದು ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಥರ್ಮೋಸ್ಟಾಟ್ ಕೂರುವ ಹೌಸಿಂಗ್ ಮೇಲೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಅದರ ಮೇಲೆ ಅಳೆಯಿರಿ.

ಯಾವಾಗ ಬಿಸಿಯಾಗುತ್ತದೆ?

ಅರ್ಧ ಉತ್ತರ ಇಲ್ಲೇ ಇದೆ. ನಿಂತಾಗ ಅಥವಾ ನಿಧಾನವಾಗಿ ಹೋಗುವಾಗ ಬಿಸಿ ಏರಿ, ವೇಗ ಹೆಚ್ಚಿದ ಕೂಡಲೇ ಇಳಿದರೆ ತಪ್ಪು ಗಾಳಿಯಲ್ಲಿ. ಫ್ಯಾನ್, ಬಿಸಿಗೆ ತಕ್ಕಂತೆ ಅದನ್ನು ಹಿಡಿದು ಬಿಡುವ ಫ್ಯಾನ್ ಕ್ಲಚ್, ಇಲ್ಲವೇ ಫ್ಯಾನಿನ ಸುತ್ತಲಿನ ಗೂಡು, ಅಂದರೆ ಶ್ರೌಡ್. ಇಲ್ಲವೇ ಕಿಡಿ ಹತ್ತುವ ಹೊತ್ತಿನಲ್ಲಿ, ಅಂದರೆ ಇಗ್ನಿಷನ್ ಟೈಮಿಂಗ್‌ನಲ್ಲಿ. ಊರೊಳಗೆ ಸರಿಯಾಗಿದ್ದು ಹೆದ್ದಾರಿಯಲ್ಲಿ ನಿಧಾನವಾಗಿ ಏರಿದರೆ ತಪ್ಪು ನೀರಿನ ಹರಿವಿನಲ್ಲಿ ಅಥವಾ ರೇಡಿಯೇಟರಿನ ಶಕ್ತಿಯಲ್ಲಿ. ಯಾಕೆಂದರೆ ಗಂಟೆಗೆ 60, 70 ಕಿಲೋಮೀಟರ್ ದಾಟಿದ ಮೇಲೆ ಗಾಡಿಯ ಓಟವೇ ಗಾಳಿ ನುಗ್ಗಿಸುತ್ತದೆ, ಫ್ಯಾನಿನ ಹಂಗಿಲ್ಲ. ಸ್ಟಾರ್ಟ್ ಮಾಡಿ ಐದೇ ನಿಮಿಷಕ್ಕೆ ಕುದಿದರೆ ಥರ್ಮೋಸ್ಟಾಟ್ ಮುಚ್ಚಿ ಕೂತಿದೆ, ಒಳಗೆ ಗಾಳಿ ಸಿಕ್ಕಿಕೊಂಡಿದೆ, ನೀರೇ ಇಲ್ಲ, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಸಿಲಿಂಡರ್ ಹೆಡ್ಡಿಗೂ ನಡುವಿನ ಪದರ) ಹೋಗಿದೆ.

ನನ್ನ ನೋಟ್‌ಬುಕ್ ಹೇಳಿದ್ದು ಇಷ್ಟು. ಗಂಟೆಗೆ 100 ಕಿಲೋಮೀಟರಿನಲ್ಲಿ ಎಷ್ಟು ಹೊತ್ತು ಓಡಿಸಿದರೂ 90. ಸಿಗ್ನಲ್ಲಿನ ಸಾಲಿನಲ್ಲಿ ನಿಂತರೆ 12 ನಿಮಿಷಕ್ಕೆ 110. ಅಂದರೆ ರೇಡಿಯೇಟರ್ ಸರಿಯಾಗಿಯೇ ಇದೆ! ಆ ಹೊತ್ತಿಗಾಗಲೇ ನಾನು ಹೊಸದು ಹಾಕಿ ಆಗಿತ್ತು.

ಮುಚ್ಚಳ, ಹೋಸ್, ಬೆಲ್ಟ್

ಮೊದಲು ಒಂದು ಮಾತು. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಬಟ್ಟೆ ಸುತ್ತಿ ಸ್ವಲ್ಪವೇ ತಿರುಗಿಸುತ್ತೇನೆ ಅನ್ನುವುದೂ ಬೇಡ. ಒತ್ತಡ ಇಳಿದ ಕ್ಷಣಕ್ಕೆ ಒಳಗಿರುವ 110 ಡಿಗ್ರಿಯ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸನ್ನು ಹಿಸುಕಿ ನೋಡಿ. ಮೆತ್ತಗೆ, ತಣ್ಣಗೆ ಇದ್ದರೆ ಮಾತ್ರ ತೆಗೆಯಿರಿ.

ಮುಚ್ಚಳದ ಕೆಳಗಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ. ಎಂಜಿನ್ ಆರಿದ ಮೇಲೆ ಮೇಲಿನ ಹೋಸ್ ಒಳಕ್ಕೆ ಚಪ್ಪಟೆಯಾಗಿ ಕೂತಿದ್ದರೆ ಮುಚ್ಚಳದ ನಡುವಿನ ಪುಟ್ಟ ವಾಲ್ವ್ ಸಿಕ್ಕಿಕೊಂಡಿದೆ ಅಂತ ಅರ್ಥ. ಎರಡಕ್ಕೂ ಹೊಸ ಮುಚ್ಚಳವೇ ಮದ್ದು. ಆದರೆ 15ರ ಬದಲು 22 ಪಿಎಸ್‌ಐ ಮುಚ್ಚಳ ಹಾಕಿದರೆ ತಂಪಾಗುತ್ತದೆ ಅಂದುಕೊಳ್ಳಬೇಡಿ. ಅದು ಕುದಿಯುವ ಬಿಂದುವನ್ನು ಮೇಲೆ ಒಯ್ಯುತ್ತದೆ, ಬಿಸಿಯನ್ನು ಕಡಿಮೆ ಮಾಡುವುದಿಲ್ಲ. ಐವತ್ತು ವರ್ಷದ ಹೀಟರ್ ಕೋರ್ (ಕಾರಿನೊಳಗೆ ಬಿಸಿ ಗಾಳಿ ಕೊಡುವ ಭಾಗ) ಮಾತ್ರ ಆ ಒತ್ತಡಕ್ಕೆ ಬಾಯಿ ಬಿಟ್ಟು ನಿಮ್ಮ ಕಾಲಡಿಯ ಕಾರ್ಪೆಟ್ ನೆನೆಸುತ್ತದೆ.

ಹೆದ್ದಾರಿಯಲ್ಲಿ ಬಿಸಿಯಾಗುವವರು ಕೆಳಗಿನ ಹೋಸ್ ನೋಡಲೇಬೇಕು. ಅದು ಪಂಪ್ ನೀರನ್ನು ಎಳೆದುಕೊಳ್ಳುವ ಕಡೆ. ರಬ್ಬರ್ ಮೆತ್ತಗಾಗಿದ್ದರೆ ಜೋರು ಎಳೆತಕ್ಕೆ ಕುಡಿಯುವ ಸ್ಟ್ರಾ ಥರ ಚಪ್ಪಟೆಯಾಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ಒಬ್ಬರು ಆಕ್ಸಿಲರೇಟರ್ ಒತ್ತಿ 3000 ಆರ್‌ಪಿಎಂ ಹಿಡಿಯಲಿ, ಇನ್ನೊಬ್ಬರು ಫ್ಯಾನಿನಿಂದ ದೂರ ನಿಂತು ಹೋಸ್ ನೋಡಲಿ. ಮೊದಲೆಲ್ಲ ಆ ಹೋಸಿನೊಳಗೆ ಒಂದು ತಂತಿಯ ಸ್ಪ್ರಿಂಗ್ ಇರುತ್ತಿತ್ತು. ಹೋಸ್ ಬದಲಾಯಿಸಿದವರು ಅದನ್ನು ಎಸೆದಿರುತ್ತಾರೆ. ಗಟ್ಟಿ ಹೋಸ್ ಆದರೆ ಇಲ್ಲದಿದ್ದರೂ ನಡೆಯುತ್ತದೆ, ಮೆತ್ತಗಿದ್ದರೆ ನಡೆಯುವುದಿಲ್ಲ.

ಬೆಲ್ಟ್ ಸಡಿಲವಿದ್ದರೆ ಬಿಗಿ ಮಾಡಿ. ಅದಕ್ಕಿಂತ ಜಾಸ್ತಿ ಹೇಳುವುದೇನೂ ಇಲ್ಲ.

ಥರ್ಮೋಸ್ಟಾಟ್ ಮತ್ತು ಅದರ ಸುತ್ತ ಹುಟ್ಟಿದ ಕಥೆಗಳು

ಥರ್ಮೋಸ್ಟಾಟ್ ಮೇಲೆ 160, 180, 195 ಅಂತ ಅಚ್ಚು ಇರುತ್ತದೆ. ಫ್ಯಾರನ್‌ಹೀಟ್ ಲೆಕ್ಕ ಅದು. ನಮ್ಮ ಲೆಕ್ಕದಲ್ಲಿ 71, 82, 91. ಆ ಬಿಸಿಗೆ ಅದು ಬಾಯಿ ತೆರೆಯಲು ಶುರು ಮಾಡುತ್ತದೆ, ಇನ್ನೂ ಹತ್ತು ಡಿಗ್ರಿ ಏರಿದಾಗ ಪೂರ್ತಿ ತೆರೆಯುತ್ತದೆ. ಎಂಜಿನ್ ಎಷ್ಟಕ್ಕಿಂತ ತಣ್ಣಗಿರಬಾರದು ಅನ್ನುವುದನ್ನು ಅದು ನಿರ್ಧರಿಸುತ್ತದೆ. ಎಷ್ಟಕ್ಕಿಂತ ಬಿಸಿಯಾಗಬಾರದು ಅನ್ನುವುದು ಅದರ ಕೈಯಲ್ಲಿಲ್ಲ. 110ಕ್ಕೆ ಏರುವ ಎಂಜಿನ್ನಿನಲ್ಲಿ 82ರದ್ದೂ ಪೂರ್ತಿ ತೆರೆದಿರುತ್ತದೆ, 71ರದ್ದೂ ಪೂರ್ತಿ ತೆರೆದಿರುತ್ತದೆ. ಏನು ವ್ಯತ್ಯಾಸ? ಇದು ತಲೆಗೆ ಹತ್ತಲು ನನಗೆ ಮೂರು ಥರ್ಮೋಸ್ಟಾಟ್ ಬೇಕಾಯ್ತು.

ಅದನ್ನು ತೆಗೆದೇ ಬಿಟ್ಟರೆ ಹೇಗೆ ಅಂತ ಕೇಳುವವರಿದ್ದಾರೆ. ಬೇಡ. ತೆಗೆದರೆ ನೀರು ಜೋರಾಗಿ ಓಡಿ ತಣಿಯಲು ಸಮಯ ಸಿಗುವುದಿಲ್ಲ ಅನ್ನುವ ಮಾತು ಹಳೆಯದು, ತಪ್ಪು ಕೂಡ. ಹರಿವು ಹೆಚ್ಚಾದರೆ ರೇಡಿಯೇಟರ್ ಹೆಚ್ಚು ಬಿಸಿಯನ್ನೇ ಬಿಡುತ್ತದೆ. ಅಸಲು ಕಾರಣ ಬೇರೆ. ಥರ್ಮೋಸ್ಟಾಟಿನ ಕಿರಿದಾದ ಬಾಯಿ ತಡೆ ಒಡ್ಡುವುದರಿಂದ ಎಂಜಿನ್ ಒಳಗೆ ಪಂಪಿನ ಒತ್ತಡ ನಿಲ್ಲುತ್ತದೆ. ಆ ಒತ್ತಡ ಇದ್ದರೆ ಸಿಲಿಂಡರ್ ಹೆಡ್ಡಿನ ತೀರಾ ಬಿಸಿ ಜಾಗಗಳಲ್ಲಿ ಆವಿಯ ಗುಳ್ಳೆ ಕಟ್ಟಿಕೊಳ್ಳುವುದು ಕಡಿಮೆ. ಅದೂ ಅಲ್ಲದೆ, ತಣ್ಣಗೆ ಓಡುವ ಎಂಜಿನ್ ಪೆಟ್ರೋಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಹೊಸದಾದರೂ ಪರೀಕ್ಷಿಸಿಯೇ ಹಾಕಿ. ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಡಿ, ತಳ ಮುಟ್ಟದ ಹಾಗೆ. ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ನೀರು ಕಾಯಿಸಿ. ಯಾವಾಗ ಬಾಯಿ ಬಿಡುತ್ತದೆ ಅಂತ ಕಣ್ಣಾರೆ ಕಾಣುತ್ತದೆ. ಹಾಕುವಾಗ ಸ್ಪ್ರಿಂಗ್ ಇರುವ ಕಡೆ ಎಂಜಿನ್ ಕಡೆಗೆ. ಅದರ ತಟ್ಟೆಯಲ್ಲಿ 3 ಮಿಲಿಮೀಟರಿನ ಒಂದು ತೂತು ಕೊರೆದರೆ ನೀರು ತುಂಬುವಾಗ ಗಾಳಿ ಹೊರಬರಲು ದಾರಿಯಾಗುತ್ತದೆ.

ಫ್ಯಾನ್ ಮತ್ತು ಶ್ರೌಡ್

ನನ್ನ ಕಾರಿನಲ್ಲಿ ಶ್ರೌಡ್ ಇರಲಿಲ್ಲ. ಹಿಂದಿನ ಮಾಲೀಕರು ಯಾವಾಗಲೋ ಬಿಚ್ಚಿ ಎಸೆದಿದ್ದರು. ಎಂಜಿನ್ ಚೆನ್ನಾಗಿ ಕಾಣಲಿ ಅಂತ ಇರಬೇಕು. ಶ್ರೌಡ್ ಅಂದರೆ ರೇಡಿಯೇಟರಿನ ಹಿಂದೆ ಫ್ಯಾನಿನ ಸುತ್ತ ಕೂರುವ ಪ್ಲಾಸ್ಟಿಕ್ ಗೂಡು. ಅದಿಲ್ಲದಿದ್ದರೆ ಫ್ಯಾನ್ ಎಂಜಿನ್ ಕಡೆಯ ಬಿಸಿ ಗಾಳಿಯನ್ನೇ ಸುತ್ತಿ ಸುತ್ತಿ ತಿರುಗಿಸುತ್ತದೆ. ರೇಡಿಯೇಟರಿನ ನಾಲ್ಕು ಮೂಲೆಗಳಿಂದ ಗಾಳಿ ಎಳೆಯುವುದೇ ಇಲ್ಲ.

ಶ್ರೌಡ್ ಇದ್ದರೂ ಫ್ಯಾನ್ ಎಲ್ಲಿ ಕೂತಿದೆ ನೋಡಿ. ರೆಕ್ಕೆಯ ಅಗಲದಲ್ಲಿ ಅರ್ಧ ಗೂಡಿನೊಳಗೆ, ಅರ್ಧ ಹೊರಗೆ ಇರಬೇಕು. ಪೂರ್ತಿ ಒಳಗೆ ಹೋದರೆ ಎಳೆದ ಗಾಳಿಯನ್ನು ಹೊರಹಾಕಲು ಅದಕ್ಕೆ ಜಾಗವಿಲ್ಲ. ಪೂರ್ತಿ ಹೊರಗಿದ್ದರೆ ಶ್ರೌಡ್ ಇದ್ದೂ ಇಲ್ಲದ ಹಾಗೆ. ರೇಡಿಯೇಟರಿನ ಮೇಲೆ, ಪಕ್ಕದಲ್ಲಿ ಇರುವ ರಬ್ಬರ್ ಪಟ್ಟಿಗಳು, ಮುಂಭಾಗದ ಕೆಳಗಿನ ತಡೆಹಲಗೆ, ಇವೂ ಗಾಳಿಯನ್ನು ಕೋರ್ ಒಳಗೇ ನುಗ್ಗಿಸಲು ಇಟ್ಟವು. ಕಾರಿಗೆ ಬಣ್ಣ ಹೊಡೆಸಿದಾಗ ಇವು ಕಳೆದುಹೋಗುತ್ತವೆ, ಯಾರೂ ಗಮನಿಸುವುದಿಲ್ಲ.

ಕಾಗದದ ಪರೀಕ್ಷೆ ನನಗೆ ಬಹಳ ಇಷ್ಟ. ಬಿಸಿಯಾದ ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ. ಗಾಡಿಯ ಮುಂದೆ ನಿಂತು ಗ್ರಿಲ್ ಕಡೆಯಿಂದ ಒಂದು ಹಾಳೆಯನ್ನು ರೇಡಿಯೇಟರಿಗೆ ತಾಗಿಸಿ. ಎಳೆದು ಅಂಟಿಸಿಕೊಳ್ಳಬೇಕು. ಜಾರಿ ಕೆಳಗೆ ಬಿದ್ದರೆ ಗಾಳಿ ಸಾಲದು. ಬೇರೆ ಬೇರೆ ಜಾಗದಲ್ಲಿ ಹಿಡಿದು ನೋಡಿ. ನನ್ನಲ್ಲಿ ನಡುವೆ ಅಂಟುತ್ತಿತ್ತು, ಮೂಲೆಗಳಲ್ಲಿ ಬೀಳುತ್ತಿತ್ತು.

ಫ್ಯಾನ್ ಕ್ಲಚ್ ಇದ್ದರೆ, ಎಂಜಿನ್ ಬಿಸಿ ಮಾಡಿ ಆಫ್ ಮಾಡಿದ ಕೂಡಲೇ ಕೈಯಲ್ಲಿ ರೆಕ್ಕೆ ತಿರುಗಿಸಿ. ಬಿಗಿಯಾಗಿ, ತಡೆದು ತಡೆದು ತಿರುಗಬೇಕು. ಆಟಿಕೆಯ ಗಿರಗಿಟ್ಟೆ ಥರ ತಿರುಗಿದರೆ ಒಳಗಿನ ಸಿಲಿಕೋನ್ ಎಣ್ಣೆ ಸೋರಿಹೋಗಿದೆ. ಕ್ಲಚ್ಚಿನ ಮುಂದೆ ಎಣ್ಣೆಯ ಜಿಡ್ಡು ಧೂಳು ಹಿಡಿದು ಕೂತಿದ್ದರೆ ಅದೂ ಅದೇ ಸುದ್ದಿ.

ಎಲೆಕ್ಟ್ರಿಕ್ ಫ್ಯಾನ್ ಹಾಕಿಸಲಾ ಅಂತ ಕೇಳಿದರೆ ನಾನು ಬೇಡ ಅನ್ನುವ ಪಕ್ಷ. ಸರಿಯಾದ ಕ್ಲಚ್, ಸರಿಯಾದ ಶ್ರೌಡ್ ಇರುವ ಬೆಲ್ಟ್ ಫ್ಯಾನ್ ಎಳೆಯುವ ಗಾಳಿಯನ್ನು ಸಣ್ಣ ಎಲೆಕ್ಟ್ರಿಕ್ ಫ್ಯಾನ್ ಎಳೆಯುವುದಿಲ್ಲ. ದೊಡ್ಡದು ಎಳೆಯುತ್ತದೆ, ಆದರೆ 30 ಆಂಪಿಯರ್‌ವರೆಗೂ ಕೇಳುತ್ತದೆ. ಆ ಕಾಲದ ಆಲ್ಟರ್ನೇಟರ್ ಕೊಡುತ್ತಿದ್ದದ್ದೇ 40 ಆಂಪಿಯರಿನ ಆಸುಪಾಸು. ಹೆಡ್‌ಲೈಟ್ ಹಾಕಿದ ಮೇಲೆ ಉಳಿಯುವುದೇನು? ಹಾಕುವುದೇ ಆದರೆ ಆಲ್ಟರ್ನೇಟರ್ ದೊಡ್ಡದು ಮಾಡಿ, ರಿಲೇ ಹಾಕಿ, ದಪ್ಪ ವೈರ್ ಎಳೆಯಿರಿ.

ಶ್ರೌಡ್ ಹಾಕಿದ ಮೇಲೆ ನನ್ನ ಕಾರು 110 ಮುಟ್ಟಲು 12ರ ಬದಲು 20 ನಿಮಿಷ ತಗೊಂಡಿತು. ಗುಣ ಕಂಡಿತು, ರೋಗ ಹೋಗಲಿಲ್ಲ.

ಬ್ಲಾಕಿನೊಳಗಿನ ಕೆಸರು

ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿ ನೀರು ಖಾಲಿ ಮಾಡಿದರೆ ಎಲ್ಲ ಖಾಲಿಯಾಯ್ತು ಅಂದುಕೊಳ್ಳುತ್ತೇವೆ. ಇಲ್ಲ. ಹೆಚ್ಚುಕಡಿಮೆ ಅರ್ಧ ಪಾಲು ಎಂಜಿನ್ ಬ್ಲಾಕಿನಲ್ಲೇ ಉಳಿಯುತ್ತದೆ. ಅದಕ್ಕೆ ಬ್ಲಾಕಿನ ಎರಡೂ ಪಕ್ಕ, ಆಯಿಲ್ ಪ್ಯಾನಿನ ಸ್ವಲ್ಪ ಮೇಲೆ, ಡ್ರೈನ್ ಪ್ಲಗ್ ಇವೆ. ನಾನು ಎಡಗಡೆಯದನ್ನು ಬಿಚ್ಚಿದೆ. ಒಂದು ಹನಿಯೂ ಬರಲಿಲ್ಲ! ತಂತಿ ಹಾಕಿ ಕೆದಕಿದೆ. ಮೊದಲು ಚಹಾದ ಗಸಿಯಂಥದ್ದು ಬಂತು, ಆಮೇಲೆ ಕಂದು ಕೆಸರು, ಆಮೇಲೆ ನೀರು. ಐವತ್ತು ವರ್ಷದ ತುಕ್ಕು ಮತ್ತು ಬ್ಲಾಕ್ ಎರಕ ಹೊಯ್ದಾಗ ಉಳಿದ ಮರಳು, ಎಲ್ಲ ಕೆಳಗೆ, ಅದರಲ್ಲೂ ಹಿಂದಿನ ಸಿಲಿಂಡರುಗಳ ಸುತ್ತ ಕೂತಿರುತ್ತದೆ.

ಥರ್ಮೋಸ್ಟಾಟ್ ತೆಗೆದು, ಮೇಲಿಂದ ಪೈಪ್ ಹಿಡಿದು, ತಿಳಿನೀರು ಬರುವವರೆಗೆ ತೊಳೆಯಿರಿ. ತೊಳೆದ ಕೆಸರು ರೇಡಿಯೇಟರಿಗೆ ಹೋಗದಂತೆ ಹೋಸ್ ಬಿಚ್ಚಿಟ್ಟಿರಿ. ರೇಡಿಯೇಟರನ್ನು ಬೇರೆಯಾಗಿ, ನೀರು ಸಾಮಾನ್ಯವಾಗಿ ಹರಿಯುವುದಕ್ಕೆ ಉಲ್ಟಾ ದಿಕ್ಕಿನಲ್ಲಿ ತೊಳೆಯಬೇಕು. ಎಂಜಿನ್ ಬಿಸಿಯಿದ್ದಾಗ ಇನ್ಫ್ರಾರೆಡ್ ಥರ್ಮಾಮೀಟರಿನಿಂದ ರೇಡಿಯೇಟರಿನ ಮೈಯನ್ನೆಲ್ಲ ಅಳೆದರೆ ಕಟ್ಟಿಕೊಂಡ ಕೊಳವೆಗಳ ಜಾಗ ತಣ್ಣಗೆ ಕಾಣುತ್ತದೆ. ಅಂಥ ತಣ್ಣನೆಯ ಪಟ್ಟಿಗಳು ಜಾಸ್ತಿ ಇದ್ದರೆ ಮಾತ್ರ ಹೊಸ ರೇಡಿಯೇಟರಿನ ಮಾತು. ಸೋರಿಕೆ ನಿಲ್ಲಿಸುವ ಪುಡಿ, ಅಂಟು ಯಾವುದನ್ನೂ ಹಾಕಬೇಡಿ. ಸೋರುವ ತೂತನ್ನೂ ಮುಚ್ಚುತ್ತದೆ, ಸೋರದ ಕೊಳವೆಯನ್ನೂ ಮುಚ್ಚುತ್ತದೆ.

ಮತ್ತೆ ತುಂಬುವಾಗ ಒಂದು ಲೆಕ್ಕ. ತೊಳೆದ ನೀರು ಸ್ವಲ್ಪ ಒಳಗೇ ಉಳಿದಿರುತ್ತದೆ. ಅಂಗಡಿಯಲ್ಲಿ ಸಿಗುವ, ಮೊದಲೇ ನೀರು ಬೆರೆಸಿದ ಕೂಲೆಂಟ್ ಸುರಿದರೆ ಅದು ಇನ್ನೂ ತೆಳುವಾಗುತ್ತದೆ. ಅದಕ್ಕೆ ಬೆರೆಸದ ಕೂಲೆಂಟ್ ತನ್ನಿ. ನಿಮ್ಮ ವ್ಯವಸ್ಥೆ ಒಟ್ಟು 15 ಲೀಟರ್ ಹಿಡಿಯುವುದಾದರೆ ಮೊದಲು ಏಳೂವರೆ ಲೀಟರ್ ಅದನ್ನೇ ಸುರಿಯಿರಿ, ಉಳಿದದ್ದಕ್ಕೆ ಡಿಸ್ಟಿಲ್ಡ್ ನೀರು. ಗಾಡಿಯ ಮೂತಿ ಎತ್ತರಕ್ಕೆ ಬರುವಂತೆ ಜಾಕ್ ಹಾಕಿ ಸ್ಟ್ಯಾಂಡ್ ಕೊಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ಹಾಕದೆ ಎಂಜಿನ್ ಓಡಿಸಿ. ಥರ್ಮೋಸ್ಟಾಟ್ ತೆರೆದಾಗ ನೀರಿನ ಮಟ್ಟ ಗಬಕ್ಕನೆ ಇಳಿಯುತ್ತದೆ, ಆಗ ತುಂಬಿಸಿ ಮುಚ್ಚಿ. ಚೆಲ್ಲಿದ ಕೂಲೆಂಟನ್ನು ಕೂಡಲೇ ಒರೆಸಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ, ಅದು ವಿಷ. ಮಕ್ಕಳ ಕೈಗೂ ಸಿಗಬಾರದು.

ನಿಮ್ಮ ಎಂಜಿನ್ ಯಾವುದು?

ಕೆಲವು ಎಂಜಿನ್ನುಗಳಿಗೆ ಅವುಗಳದ್ದೇ ಗುಟ್ಟುಗಳಿವೆ. ಫೋರ್ಡ್ 351 ಕ್ಲೀವ್‌ಲ್ಯಾಂಡ್‌ಗೆ ಬೈಪಾಸ್ ತೂತನ್ನು ಮುಚ್ಚುವ ವಿಶೇಷ ಥರ್ಮೋಸ್ಟಾಟ್ ಬೇಕು. ಅದರ ಜಾಗದಲ್ಲಿ 351 ವಿಂಡ್ಸರ್‌ನದ್ದು ಕೂರುತ್ತದೆ, ಆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ವಾಪಸ್ ಸುತ್ತುತ್ತದೆ. 289, 302 ಫೋರ್ಡ್‌ಗಳ ಹೆಡ್ ಗ್ಯಾಸ್ಕೆಟ್ ಮೇಲೆ 'ಫ್ರಂಟ್' ಅಂತ ಬರೆದಿರುತ್ತದೆ. ಆ ತುದಿ ಎರಡೂ ಕಡೆ ಮುಂದಕ್ಕೇ ಬರಬೇಕು. ಒಂದನ್ನು ತಿರುಗಿಸಿ ಹಾಕಿದರೆ ಆ ಕಡೆಯ ಹೆಡ್ಡಿಗೆ ನೀರು ಸರಿಯಾಗಿ ಸುತ್ತುವುದಿಲ್ಲ. ಪಾಂಟಿಯಾಕ್ ವಿ8ಗಳಲ್ಲಿ ವಾಟರ್ ಪಂಪಿನ ಹಿಂದೆ ಒಂದು ತಗಡಿನ ತಟ್ಟೆ ಇದೆ. ಅದಕ್ಕೂ ಪಂಪಿನ ರೆಕ್ಕೆಗೂ ನಡುವೆ ಸಂದು ಜಾಸ್ತಿಯಾದರೆ ಪಂಪ್ ಸುಮ್ನೆ ನೀರು ಕಡೆಯುತ್ತಿರುತ್ತದೆ. ಶೆವರ್ಲೆಯ 400 ಸ್ಮಾಲ್ ಬ್ಲಾಕಿನಲ್ಲಿ ಸಿಲಿಂಡರುಗಳು ಒಂದಕ್ಕೊಂದು ಅಂಟಿಕೊಂಡಿವೆ. ಅದಕ್ಕೆ ಆವಿ ಹೋಗಲು ಸಣ್ಣ ತೂತುಗಳಿವೆ. 350ರ ಹೆಡ್ ತಂದು ಕೂರಿಸುವವರು ಆ ತೂತುಗಳನ್ನು ಹೆಡ್ಡಿನಲ್ಲೂ ಕೊರೆಸಬೇಕು.

ಹಾಗೆಯೇ, ಹೊಸ ಶೈಲಿಯ ಒಂದೇ ಉದ್ದ ಬೆಲ್ಟ್ ಹಾಕಿಸಿದ್ದರೆ ಪಂಪ್ ಯಾವ ದಿಕ್ಕಿಗೆ ತಿರುಗುತ್ತಿದೆ ನೋಡಿ. ಬೆಲ್ಟಿನ ಬೆನ್ನು ತಾಗಿ ತಿರುಗುವ ಪಂಪ್ ಉಲ್ಟಾ ತಿರುಗುತ್ತದೆ, ಅದಕ್ಕೆ ಬೇರೆಯೇ ಪಂಪ್ ಬೇಕು.

ಹೆಡ್ ಗ್ಯಾಸ್ಕೆಟ್ ಅನುಮಾನ ಇದ್ದರೆ ನೀಲಿ ದ್ರವದ ಪರೀಕ್ಷೆ ಮಾಡಿ. ರೇಡಿಯೇಟರಿನ ಬಾಯಿಗೆ ಒಂದು ಕೊಳವೆ ಇಟ್ಟು ಒಳಗಿನ ಗಾಳಿಯನ್ನು ಆ ದ್ರವದ ಮೂಲಕ ಎಳೆಯಬೇಕು. ಎಂಜಿನ್ನಿನ ಹೊಗೆ ನೀರಿಗೆ ಸೇರುತ್ತಿದ್ದರೆ ನೀಲಿ ಬಣ್ಣ ಹಳದಿಯಾಗುತ್ತದೆ. ನನ್ನದು ನೀಲಿಯಾಗಿಯೇ ಉಳಿಯಿತು.

ಸುಳ್ಳು ಹೇಳಿದ ಗೆರೆ

ಈಗ ಟೈಮಿಂಗ್. ಕಿಡಿ ತಡವಾಗಿ ಹತ್ತಿದರೆ ಪಿಸ್ಟನ್ ಕೆಳಗಿಳಿಯುವಾಗಲೂ ಪೆಟ್ರೋಲ್ ಉರಿಯುತ್ತಲೇ ಇರುತ್ತದೆ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಆ ಬೆಂಕಿಯೇ ಹೊರಗೆ ನುಗ್ಗುತ್ತದೆ. ಹೆಡ್ಡಿನಲ್ಲಿ ಎಕ್ಸಾಸ್ಟ್ ದಾರಿಯ ಸುತ್ತಲೂ ನೀರು ಹರಿಯುತ್ತದೆ, ಅಲ್ವಾ? ಚಕ್ರಕ್ಕೆ ಹೋಗಬೇಕಾದ ಶಕ್ತಿ ಆ ನೀರನ್ನು ಕಾಯಿಸುತ್ತದೆ.

ನಾನು ಟೈಮಿಂಗ್ ಲೈಟ್ (ಕಿಡಿ ಹತ್ತಿದಾಗಲೆಲ್ಲ ಮಿನುಗಿ ಎಂಜಿನ್ ಮುಂದಿನ ಗೆರೆ ಎಲ್ಲಿದೆ ಅಂತ ತೋರಿಸುವ ದೀಪ) ಹಿಡಿದು, ವ್ಯಾಕ್ಯೂಮ್ ಹೋಸ್ ಕಿತ್ತು ಮುಚ್ಚಿ, ಐಡಲ್‌ನಲ್ಲಿ ಪಿಸ್ಟನ್ ತುತ್ತತುದಿ ಮುಟ್ಟುವುದಕ್ಕಿಂತ 12 ಡಿಗ್ರಿ ಮುಂಚಿತವಾಗಿ ಕಿಡಿ ಹತ್ತುವಂತೆ ಇಟ್ಟಿದ್ದೆ. ಇದು ಬಿಸಿಯ ಡಿಗ್ರಿಯಲ್ಲ, ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ತಿರುಗುವ ಕೋನದ ಡಿಗ್ರಿ. ಸರಿಯಾಗಿಯೇ ಇತ್ತು. ಆದರೂ ಎಂಜಿನ್ ಮಂಕಾಗಿತ್ತು. ಒಂದು ದಿನ ಲೈಟ್ ಬದಿಗಿಟ್ಟು, ಕಿವಿಯನ್ನೇ ನಂಬಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸಿದೆ. ಎಂಜಿನ್ ನುಣ್ಣಗೆ ಓಡಿತು. ಲೈಟ್ ಹಿಡಿದರೆ 22 ತೋರಿಸಿತು. ಇದು ಅತಿಯಾಯ್ತು ಅಂತ ಹೆದರಿ ವಾಪಸ್ 12ಕ್ಕೇ ತಂದೆ. ಕಿವಿ ಹೇಳಿದ್ದು ನಿಜ, ಕಣ್ಣು ಕಂಡದ್ದು ಸುಳ್ಳು ಅಂತ ಆಗ ಹೊಳೆಯಲಿಲ್ಲ.

ನೋಟ್‌ಬುಕ್ ಹಿಡಿದು ಮತ್ತೆ ಅಣ್ಣನ ಹತ್ತಿರ ಹೋದಾಗ ಈ ಮಾತೂ ಬಂತು. ಅವರು ನಕ್ಕರು. "ಬ್ಯಾಲೆನ್ಸರ್ ಎಷ್ಟು ಹಳೇದು?"

ಕ್ರ್ಯಾಂಕಿನ ಮುಂದಿನ ತುದಿಯಲ್ಲಿರುವ ಹಾರ್ಮೋನಿಕ್ ಬ್ಯಾಲೆನ್ಸರ್ ಒಂದೇ ತುಂಡಲ್ಲ. ಒಳಗೊಂದು ಗುಬ್ಬ, ಹೊರಗೊಂದು ಭಾರದ ಬಳೆ, ನಡುವೆ ರಬ್ಬರ್. ಟೈಮಿಂಗ್ ಗೆರೆ ಇರುವುದು ಹೊರಗಿನ ಬಳೆಯ ಮೇಲೆ. ವಯಸ್ಸಾಗಿ ರಬ್ಬರ್ ಸೋತರೆ ಬಳೆ ಜಾರುತ್ತದೆ. ಗೆರೆಯೂ ಅದರ ಜೊತೆ ಜಾರುತ್ತದೆ.

ಗೆರೆ ನಿಜ ಹೇಳುತ್ತಿದೆಯಾ ಅಂತ ನೋಡುವುದು ಹೀಗೆ. ಬ್ಯಾಟರಿ ಸಂಪರ್ಕ ತೆಗೆಯಿರಿ. ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ. 1ನೇ ಸಿಲಿಂಡರಿನ ಪಿಸ್ಟನ್ ಕೆಳಗಿರುವಂತೆ ಮಾಡಿ, ಪ್ಲಗ್ ಜಾಗಕ್ಕೆ ಪಿಸ್ಟನ್ ಸ್ಟಾಪ್ ತಿರುಗಿಸಿ. ಅದು ಪ್ಲಗ್ಗಿನಂಥದ್ದೇ ಒಂದು ಗಟ್ಟಿ ಬೋಲ್ಟ್, ಪಿಸ್ಟನ್ ಪೂರ್ತಿ ಮೇಲೆ ಬರದಂತೆ ತಡೆಯುತ್ತದೆ. ಈಗ ಕ್ರ್ಯಾಂಕಿನ ಬೋಲ್ಟಿಗೆ ಸ್ಪಾನರ್ ಹಾಕಿ ಮೆಲ್ಲಗೆ ಒಂದು ಕಡೆಗೆ ತಿರುಗಿಸಿ. ಪಿಸ್ಟನ್ ತಾಗಿ ನಿಂತಾಗ, ಟೈಮಿಂಗ್ ಟ್ಯಾಬಿನ (ಎಂಜಿನ್ನಿಗೆ ಜೋಡಿಸಿದ, ಡಿಗ್ರಿ ಗುರುತಿರುವ ತಗಡು) ಸೊನ್ನೆಗೆ ಎದುರಾಗಿ ಬಳೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಇನ್ನೊಂದು ಕಡೆಗೆ ತಿರುಗಿಸಿ, ನಿಂತಲ್ಲಿ ಇನ್ನೊಂದು ಗುರುತು. ಎರಡೂ ಗುರುತುಗಳ ನಟ್ಟನಡುವೆ ಇರುವುದೇ ನಿಜವಾದ ಸೊನ್ನೆ. ಬಳೆಯ ಹಳೆಯ ಗೆರೆ ಅಲ್ಲೇ ಇರಬೇಕು. ಸ್ಟಾರ್ಟರ್ ಮೋಟರ್ ಮಾತ್ರ ಮುಟ್ಟಬೇಡಿ, ಪಿಸ್ಟನ್ ತೂತಾಗುತ್ತದೆ.

ನನ್ನ ಗೆರೆ ಒಂದು ಬೆರಳಿನ ಅಗಲದಷ್ಟು ಹಿಂದೆ ಇತ್ತು. ಸುಮಾರು 10 ಡಿಗ್ರಿ. ಲೈಟಿನಲ್ಲಿ 12 ಅಂತ ಕಂಡಾಗ ಕಿಡಿ ಹತ್ತುತ್ತಿದ್ದದ್ದು 2ಕ್ಕೆ. ನಾನು ತಿಂಗಳುಗಟ್ಟಲೆ ಗೌರವದಿಂದ ಆ ಸುಳ್ಳು ಗೆರೆಗೇ ಟೈಮಿಂಗ್ ಕೂರಿಸುತ್ತಿದ್ದೆ.

ಹೆದ್ದಾರಿಯಲ್ಲಿ ಯಾಕೆ ಸರಿ ಇತ್ತು? ಒಂದೇ ವೇಗದಲ್ಲಿ ಆರಾಮವಾಗಿ ಓಡುವಾಗ ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ ಗಾಳಿ ಹೀರುವ ಬಲದಿಂದ ಕಿಡಿಯನ್ನು ಮುಂಚಿತ ಮಾಡುವ ಭಾಗ) ಹತ್ತು ಹದಿನೈದು ಡಿಗ್ರಿ ಸೇರಿಸಿ ಕೊರತೆ ತುಂಬುತ್ತಿತ್ತು, ಗಾಳಿಯೂ ಬೇಕಾದಷ್ಟು ಇತ್ತು. ಐಡಲ್‌ನಲ್ಲಿ ಎರಡೂ ಇಲ್ಲ. ನನ್ನ ಹೋಸ್ ಕಾರ್ಬ್ಯುರೇಟರಿನ ಥ್ರಾಟಲ್ ಮೇಲಿನ ತೂತಿಗೆ ಹೋಗಿತ್ತು. ಅಲ್ಲಿ ಐಡಲ್‌ನಲ್ಲಿ ವ್ಯಾಕ್ಯೂಮ್ ಸಿಗುವುದಿಲ್ಲ. ಹೊಗೆ ನಿಯಮಗಳಿಗಾಗಿ ಅರವತ್ತರ ದಶಕದ ಕೊನೆಯಲ್ಲಿ ಈ ಜೋಡಣೆ ಹೆಚ್ಚಾಯ್ತು. ಇದರಿಂದ ಎಂಜಿನ್ ಬಿಸಿಯಾಗುತ್ತದೆ ಅಂತ ತಯಾರಿಸಿದವರಿಗೂ ಗೊತ್ತಿತ್ತು. ಅದಕ್ಕೇ ಕೆಲವು ಮಾಡೆಲ್‌ಗಳಲ್ಲಿ ನೀರು ಅತಿ ಬಿಸಿಯಾದಾಗ ವ್ಯಾಕ್ಯೂಮನ್ನು ನೇರ ಮ್ಯಾನಿಫೋಲ್ಡಿಗೆ (ಥ್ರಾಟಲ್ ಕೆಳಗೆ, ಎಂಜಿನ್ ಗಾಳಿ ಹೀರುವ ದಾರಿಗೆ) ಬದಲಿಸುವ ಒಂದು ಸ್ವಿಚ್ಚನ್ನೇ ಇಟ್ಟಿದ್ದರು.

ಹೊಸ ಬ್ಯಾಲೆನ್ಸರ್ ಹಾಕಿದೆ. ಟ್ಯಾಬಿಗೆ ಹೊಂದುವ ವರ್ಷದ್ದೇ ತರಬೇಕು, ಇಲ್ಲದಿದ್ದರೆ ಹೊಸ ಗೆರೆಯೂ ತಪ್ಪು ಹೇಳುತ್ತದೆ. ಐಡಲ್‌ನಲ್ಲಿ 12, ಸುಮಾರು 3000 ಆರ್‌ಪಿಎಂನಲ್ಲಿ ವ್ಯಾಕ್ಯೂಮ್ ಇಲ್ಲದೆ ಒಟ್ಟು 34. ಆಮೇಲೆ ವ್ಯಾಕ್ಯೂಮ್ ಹೋಸನ್ನು ಮ್ಯಾನಿಫೋಲ್ಡಿಗೆ ಜೋಡಿಸಿ ಐಡಲ್ ಸ್ಕ್ರೂ ಸ್ವಲ್ಪ ಇಳಿಸಿದೆ. ಜೋರು ಎಳೆಯುವಾಗ ಟಿಣ್ ಟಿಣ್ ಶಬ್ದ ಬಂದರೆ ಟೈಮಿಂಗ್ ಹೆಚ್ಚಾಗಿದೆ, ಎರಡು ಡಿಗ್ರಿ ಹಿಂದಕ್ಕೆ ತನ್ನಿ. ಆ ಶಬ್ದವನ್ನು ಲೆಕ್ಕಿಸದೆ ಓಡಿಸಿದರೆ ಪಿಸ್ಟನ್ ಉಳಿಯುವುದಿಲ್ಲ.

ದಾರಿಯಲ್ಲಿ ಮುಳ್ಳು ಏರಿದರೆ

ಎಸಿ ಇದ್ದರೆ ಆಫ್. ಹೀಟರ್ ಪೂರ್ತಿ ಆನ್, ಅದರ ಫ್ಯಾನೂ ಪೂರ್ತಿ. ಬೆವರು ಸುರಿಯುತ್ತದೆ, ಆದರೆ ಹೀಟರ್ ಕೋರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರೇ. ನಿಂತಿದ್ದರೆ ನ್ಯೂಟ್ರಲ್ ಹಾಕಿ 1500 ಆರ್‌ಪಿಎಂ ಹಿಡಿಯಿರಿ, ಪಂಪ್ ಮತ್ತು ಫ್ಯಾನ್ ಜೋರಾಗುತ್ತವೆ. ಆಗಲೂ ಇಳಿಯದಿದ್ದರೆ, ಅಥವಾ ಆವಿ ಕಂಡರೆ, ಬದಿಗೆ ನಿಲ್ಲಿಸಿ ಆಫ್ ಮಾಡಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಎರಕದ ಕಬ್ಬಿಣ ಬಿರುಕು ಬಿಡುತ್ತದೆ. ಅರ್ಧ ಮುಕ್ಕಾಲು ಗಂಟೆ ಕಾಯಬೇಕು, ಬೇರೆ ದಾರಿಯಿಲ್ಲ.

ಬ್ಯಾಲೆನ್ಸರ್ ಹಾಕಿದ ವಾರ ಮತ್ತೆ ಮಗಳನ್ನು ಕೂರಿಸಿಕೊಂಡು ಹೊರಟೆ. ಹೊರಗೆ 36 ಡಿಗ್ರಿ. 40 ನಿಮಿಷ ಸಿಗ್ನಲ್ಲಿಂದ ಸಿಗ್ನಲ್ಲಿಗೆ ತೆವಳಿದೆವು. 88, 91, 93, 92, 93. ಅರ್ಧ ದಾರಿಯಲ್ಲೇ ಅವಳಿಗೆ ಬರೆದು ಬೇಜಾರಾಯ್ತು. "ಅಪ್ಪಾ, ಅದೇ ನಂಬರ್ ಎಷ್ಟು ಸಲ ಬರೀಲಿ?" ಅಂದಳು.

ಬಿಚ್ಚಿಟ್ಟ ಹಳೆಯ ರೇಡಿಯೇಟರ್ ಶೆಡ್ಡಿನಲ್ಲೇ ಇತ್ತು. ಮೊನ್ನೆ ಎರಡೂ ಬಾಯಿ ಮುಚ್ಚಿ, ಕೈಪಂಪಿನಲ್ಲಿ 15 ಪಿಎಸ್‌ಐ ಒತ್ತಡ ಹಾಕಿ ರಾತ್ರಿ ಪೂರ್ತಿ ಬಿಟ್ಟೆ. ಬೆಳಗ್ಗೆ ನೋಡಿದರೆ ಮುಳ್ಳು ಅಲ್ಲಿಂದ ಕದಲಿರಲಿಲ್ಲ.